ಕಣ್ಣು ಬಂದಾವ

ಎರಡು ತಾಸಿಗೊಂದು ಹನಿ.
ಹಾಕುವ ಮುನ್ನ ಸೀಸೆ ಅಲುಗಾಡಿಸಬೇಕು,
ತಳದಲ್ಲಿ ಸುಣ್ಣದ ಗಸಿಯಂತೆ ಕೂತ ಬಿಳುಪು
ಎದ್ದು ಹಾಲಾಗಬೇಕು.
ಶಾಣಪ್ಪ ತಲೆ ಹಿಂದಕ್ಕೆ ಚೆಲ್ಲುತ್ತಾನೆ,
ಕೆಳರೆಪ್ಪೆ ಎಳೆದು ಪುಟ್ಟ ಜೋಳಿಗೆ ಮಾಡುತ್ತೇನೆ.
ಒಂದೇ ಹನಿ. ಎರಡನೆಯದು ಕೆನ್ನೆಯ ಪಾಲು.
ಆಮೇಲೆ ಮೂಗಿನ ಬದಿಗೆ ಬೆರಳೊತ್ತಿ ಕೂರುವುದು
ಹಾರ್ಬರ್ ಲೈನಿನ ಒಂದು ಗಾಡಿ ದಾಟುವ ತನಕ.

ಬಾಜೂ ಖೋಲಿಯ ಸುಲಭಾತಾಯಿ ಇಣುಕುತ್ತಾಳೆ:
"ಡೋಳೆ ಆಲೇ ಕಾ?"
ಹೌದು ತಾಯಿ, ಕಣ್ಣು ಬಂದಾವ.
ಅವಳ ಮಾತಲ್ಲೂ ನಮ್ಮ ಮಾತಲ್ಲೂ
ಕೆಟ್ಟಾಗಲೇ ಕಣ್ಣು ಬರುವುದು.
ಎಲ್ಲಿಂದ, ಅಂತ ಯಾರೂ ಕೇಳುವುದಿಲ್ಲ, ಸದ್ಯ.
ಟವೆಲು ಬೇರೆ ಇಡು ಅಂದು ಮಗನನ್ನು ಒಳಗೆಳೆದುಕೊಳ್ಳುತ್ತಾಳೆ.
ಈ ಸುಳ್ಳಿನ ಆಯುಷ್ಯ ಹದಿನೈದು ದಿನ.
ನಮಗೀಗ ನಾಲ್ಕನೇ ತಿಂಗಳು.

ಕುರ್ಲಾದಲ್ಲಿ ನಂಬರ್ ಪ್ಲೇಟು ಬರೆಯುವವನು ನನ್ನ ತಮ್ಮ.
ಎಂಟರ ಎರಡೂ ಹೊಟ್ಟೆ ಕುಂಚ ಎತ್ತದೆ
ಒಂದೇ ಎಳೆತದಲ್ಲಿ ತೆಗೆಯುತ್ತಿದ್ದ.
ಹೋದ ಆಷಾಢದಲ್ಲಿ ಅಂದ:
ಅಕ್ಕಾ, ಪ್ಲೇಟಿನ ಮ್ಯಾಲ ನೊಣ ಕೂತಾವ.
ಬಟ್ಟೆ ಬೀಸಿ ಓಡಿಸಿದೆ.
ನೊಣ ಇದ್ದದ್ದು ಪ್ಲೇಟಿನ ಮೇಲಲ್ಲ.

ಆಗ ಅವನ ರಕ್ತದ ಲೆಕ್ಕ ಮೂವತ್ತೊಂದು.
ಕಾವಲೇ ಇಲ್ಲದ ಊರು, ಅಂದರು ಡಾಕ್ಟರ್ ಪೆಡಣೇಕರ್.
ಕಣ್ಣಿಗೇ ಸೂಜಿ ಚುಚ್ಚಿದರು (ನಾನು ಗೋಡೆ ನೋಡಿದೆ).
ರಾತ್ರಿ ಎಂಟಕ್ಕೆ ತಪ್ಪದೆ ಗುಳಿಗೆ.
ಲೆಕ್ಕ ಇನ್ನೂರ ಅರವತ್ತಕ್ಕೆ ಏರಿದ ದಿನ
ಚಾಳಿಗೆಲ್ಲ ಪೇಡೆ ಹಂಚಿದೆ, ಕಾರಣ ಹೇಳದೆ.

ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರಂತೆ.
ನಮ್ಮಲ್ಲಿ ಬಾಗಿಲಷ್ಟೇ ಹಾಕಲಿಲ್ಲ,
ಓಡಿಹೋಗಿದ್ದ ಕಾವಲಿನವರು ತಿರುಗಿ ಬಂದರು
ತಿಂದುಂಡು ಗಟ್ಟಿಯಾಗಿ.
ಕಳ್ಳ ಆಗಲೇ ಅಡಗಿಹೋಗಿದ್ದ.
ಅವನ ವಾಸನೆ ಹಿಡಿದು ಕಣ್ಣೊಳಗೆ ನುಗ್ಗಿ
ಇದ್ದಬದ್ದ ಗಡಿಗೆ ಒಡೆದರು, ಹೊಗೆ ಎಬ್ಬಿಸಿದರು.
ಗುಣ ಬಂದದ್ದಕ್ಕೇ ಈ ಉರಿ.
ಡಾಕ್ಟರು ಮೂರು ಸಲ ಹೇಳಿದರು, ಮೂರು ಸಲವೂ
ಬಾಕಿ ಯಾರದೋ ಕಥೆ ಅನ್ನಿಸಿತು.

ಬಿಳಿ ಹನಿ ಅವರಿಗೆ ಸುಮ್ಮನಿರಿ ಅನ್ನುತ್ತದೆ.
ಬಹಳ ದಿನ ಅಂದರೆ ಕಣ್ಣೊಳಗೆ ಒತ್ತಡ ಏರುತ್ತದೆ, ಪೊರೆ ಕಟ್ಟುತ್ತದೆ,
ಮಲಗಿದ ಕಳ್ಳನೂ ಮಗ್ಗುಲು ಬದಲಿಸಬಹುದು.
ತಟ್ಟನೆ ನಿಲ್ಲಿಸಿದರೆ ಮತ್ತೆ ಬೆಂಕಿ.
ಗುರುವಾರಕ್ಕೊಮ್ಮೆ ಕಣ್ಣಿಗೆ ಗಾಳಿ ಊದಿ ಅಳೆಯುತ್ತಾರೆ.
ದಿನಕ್ಕೆ ಎಂಟು, ಮುಂದಿನ ವಾರ ಆರು, ಆಮೇಲೆ ನಾಲ್ಕು,
ಗೋಡೆಯ ಮೇಲೆ ಇದ್ದಿಲಿನ ಗೀಟು ಹಾಕುತ್ತೇನೆ.

ಇವತ್ತು ಊಟದ ತಾಟಿನಲ್ಲಿ
ಸಾರಿನ ಬೆರಳಿಂದ ಎಂಟು ಬರೆದ.
ಕೆಳಗಿನ ಹೊಟ್ಟೆ ಮೇಲಿನದಕ್ಕೆ ತಾಗಲಿಲ್ಲ.
"ಕೂಡ್ಯದೇನಕ್ಕ?"
ಕೂಡ್ಯದ, ಅಂದೆ.
"ಸುಳ್ಳ ಹೇಳ್ತಿ. ನಿನ್ನ ಮೂಗುತಿ ಅಲಗಾಡ್ತು."

ಕೈಯ ತುತ್ತು ಕೈಯಲ್ಲೇ ಉಳಿಯಿತು.
ಏನಂದಿ? ಇನ್ನೊಮ್ಮೆ ಹೇಳು.
ಅವನು ಹೇಳಲಿಲ್ಲ, ತಾಟು ಬಳಿದು ನೆಕ್ಕುತ್ತಿದ್ದ.
ಎರಡು ತಾಸು ಆಗಿತ್ತು.
ಸೀಸೆ ಅಲುಗಾಡಿಸಿದೆ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.