ಎಡಗೈ ಎಂದು ಬರೆ

ರಾಬರ್ಟ್‌ಸನ್‌ಪೇಟೆ, ಮೂರನೇ ಅಡ್ಡರಸ್ತೆ, ನನ್ನ ಡಿಟಿಪಿ ಅಂಗಡಿ.
ಮದುವೆ, ನಾಮಕರಣ, ಶ್ರದ್ಧಾಂಜಲಿ,
ಒಂದೇ ಕಾರ್ಡಿನಲ್ಲಿ ತಮಿಳು, ತೆಲುಗು, ಕನ್ನಡ.
ಅಕ್ಷರಗಳ ತಲೆಕಟ್ಟು, ಕೊಂಬು, ಗುಡಿಸು ಎಲ್ಲ ಗೊತ್ತು,
ಸಂಗೀತ ಗೊತ್ತಿಲ್ಲ.

ಪಾಕ್ಯನಾದನ್ ಪೆನ್‌ಡ್ರೈವ್ ತಂದದ್ದು ಬುಧವಾರ,
ಮಾತ್ರೆಯ ಲಕೋಟೆಯಲ್ಲಿ ಹಾಕಿ, ರಬ್ಬರು ಸುತ್ತಿ.
ಚಾಂಪಿಯನ್ ರೀಫ್ಸ್‌ನಲ್ಲಿ ಇಪ್ಪತ್ತಾರು ವರ್ಷ
ಜನರ ಪಂಜರವನ್ನು ಇಳಿಸಿ ಏರಿಸಿದ ಯಂತ್ರದ ಡ್ರೈವರು;
ಬಲಗೈಯಲ್ಲಿ ಈಗ ಮೂರೇ ಬೆರಳು.
"ನಾನು ಕೀಬೋರ್ಡಲ್ಲಿ ನುಡಿಸಿದ್ದು ಇದೆ ಇದರೊಳಗೆ.
ಕಾಗದಕ್ಕೆ ಇಳಿಸಿಕೊಡಮ್ಮ.
ಜೆರುಷಾಗೆ ಕೇಳಿ ಕಲಿಯೋಕೆ ಬರಲ್ಲ,
ಕಣ್ಣಿಗೆ ಕಂಡರೇ ಬೆರಳು ಆಡೋದು."

ಫೈಲು ತೆರೆದೆ. ಅದರಲ್ಲಿ ದನಿಯೇ ಇರಲಿಲ್ಲ.
ಯಾವ ಮನೆ ಒತ್ತಿದ್ದು, ಯಾವ ಹೊತ್ತಿಗೆ, ಎಷ್ಟು ಜೋರು,
ಬಿಟ್ಟದ್ದು ಯಾವಾಗ.
ಗಣಿ ಬಾಯಲ್ಲಿ ಟೋಕನ್ ಬರೆದುಕೊಳ್ಳುವ ಗುಮಾಸ್ತನ ಹಾಗೆ:
ಒಳಹೋದ ಹೊತ್ತು, ಹೊರಬಂದ ಹೊತ್ತು.
ಒಳಗೆ ಏನಾಯಿತೋ, ಅವನ ಪುಸ್ತಕಕ್ಕೆ ಬೇಡ.

ಸ್ವರಲಿಪಿಯ ತಂತ್ರಾಂಶ ಐದೈದು ಗೆರೆ ಎಳೆದು
ತುಂಬಿತು ನೋಡಿ:
ಒಂದು ಸ್ವರಕ್ಕೆ ನಾಲ್ಕು ತುಂಡು, ತುಂಡಿಗೊಂದು ಗಂಟು,
ಕೂದಲೆಳೆಯಷ್ಟು ಮೌನಕ್ಕೂ ಒಂದೊಂದು ಕೊಕ್ಕೆ.
ಸಯನೈಡ್ ದಿಬ್ಬವನ್ನು ಮಳೆ ಕೊರೆದ ಹಾಗೆ ಪುಟ.
"ಇಷ್ಟು ಕಷ್ಟದ್ದಾ ನಾನು ನುಡಿಸೋದು?"
ಮುಖ ಅರಳಿತು.
ನಾನೇ ಹೇಳಬೇಕಾಯಿತು: ಇಲ್ಲ ಅಂಕಲ್,
ನೀವು ತಾಳಕ್ಕೆ ಚೂರು ಹಿಂದೆ, ಚೂರು ಮುಂದೆ,
ಇದು ಅದನ್ನೂ ಬಿಡದೆ ಬರೆದಿದೆ.

ಸರಿಪಡಿಸುವ ಗುಂಡಿ ಒಂದಿದೆ.
ಹದಿನಾರನೇ ಭಾಗಕ್ಕೆ ಒತ್ತಿದೆ. ಗುಡಿಸಿದ ಅಂಗಳ.
ಸ್ಪೀಕರಿನಲ್ಲಿ ಹಾಕಿದಾಗ ಕತ್ತು ವಾಲಿಸಿ ಕೇಳಿ
"ಚೆನ್ನಾಗಿದೆ. ಯಾರು?" ಅಂದರು.

ಮೂವತ್ತೆರಡಕ್ಕೆ, ಎಂಟಕ್ಕೆ, ಮೂರರ ಗುಂಪಿಗೆ.
ಕರೆಂಟು ಹೋಗಿ ಬಂತು, ಸೇವ್ ಮಾಡಿರಲಿಲ್ಲ. ಮೊದಲಿಂದ.
ಕೊನೆಗೆ ನಾಲ್ಕು ಪುಟ, ಓದಲು ಬರುವಂಥವು.
ಎರಡು ಕಡೆ ಅವರ ತಡವನ್ನು ಹಾಗೇ ಬಿಟ್ಟೆ,
ಯಾಕೆಂದು ಕೇಳಬೇಡಿ.

ಆಗ ಇನ್ನೊಂದು ತಕರಾರು.
ಪರದೆಗೆ ಬೆರಳಿಟ್ಟರು, ಇಲ್ಲದ ಬೆರಳಿನ ಬುಡವನ್ನೇ:
"ಇದು ಎಡಗೈ. ಇದೂ. ಇದೂ."
ತಂತ್ರಾಂಶಕ್ಕೆ ನಡುವಿನ ಮನೆ ಒಂದು ಗಡಿಕಲ್ಲು,
ಮೇಲಿನದೆಲ್ಲ ಬಲಕ್ಕೆ, ಕೆಳಗಿನದೆಲ್ಲ ಎಡಕ್ಕೆ.
ಬಲಗೈಗೆ ಎಟುಕದ್ದನ್ನು
ಎಡಗೈ ಅದರ ಬೆನ್ನ ಮೇಲೆ ಹಾದು
ಮುಟ್ಟಿ ಬರುವುದು ಅದಕ್ಕೆ ಹೇಗೆ ತಿಳಿಯಬೇಕು?
ಮನೆ ಗೊತ್ತು, ಹೊತ್ತು ಗೊತ್ತು,
ಬಂದವರು ಯಾರೆಂದು ಗೊತ್ತಿಲ್ಲ.

ಒಂದೊಂದೇ ಸ್ವರ ಹಿಡಿದು ಕೆಳಗಿನ ಗೆರೆಗಳಿಗೆ ಇಳಿಸಿದೆ,
ನಲವತ್ತೇಳು.
ಅವು ಅಲ್ಲಿಂದ ಪುಟ್ಟ ಗೆರೆಗಳ ಏಣಿ ಹಾಕಿ
ಇದ್ದಲ್ಲೇ ನಿಂತವು.
ಅವರು ಭುಜ ಓರೆ ಮಾಡಿ ಮೇಜಿನಂಚಿನಲ್ಲಿ ನುಡಿಸಿ ನುಡಿಸಿ ಹೇಳಿದರು;
ಕೆಲವು ಅವರಿಗೂ ನೆನಪಿಲ್ಲ, ಕೈಗೆ ನೆನಪಿತ್ತು.

'ಎಡಗೈ' ಎಂದು ಟೈಪಿಸಿದೆ. ನಾಲ್ಕು ಖಾಲಿ ಚೌಕ.
ಇಷ್ಟು ವರ್ಷ ಕನ್ನಡ ಜೋಡಿಸಿಯೇ ಉಂಡವಳು ನಾನು!
ಪ್ರಿಂಟು ತೆಗೆದು, ನೀಲಿ ಪೆನ್ನಿನಲ್ಲಿ,
ಎಲ್ಲೆಲ್ಲಿ ದಾಟುತ್ತದೋ ಅಲ್ಲಲ್ಲಿ ಬರೆದೆ:
ಎಡಗೈ. ಎಡಗೈ.

ಶನಿವಾರ ಜೆರುಷಾ ಬಂದಳು, ಹತ್ತು ಬೆರಳಿನ ಹುಡುಗಿ.
"ಆಂಟಿ, ಇದು ಬಲಗೈಗೇ ಸಲೀಸಾಗಿ ಸಿಗುತ್ತೆ. ತಪ್ಪು ಬರೆದಿದ್ದೀರ."
ಇಲ್ಲ, ಅಂದೆ.
ಅವಳು ಕೌಂಟರಿನ ಗಾಜಿನ ಮೇಲೆ,
ಕೆಳಗೆ ಹರಡಿದ ಲಗ್ನಪತ್ರಿಕೆಗಳ ಮೇಲೆ,
ಎಡಗೈ ಎತ್ತಿ ಬಲಗೈ ದಾಟಿಸಿ ನೋಡಿದಳು.
ಇನ್ನೊಮ್ಮೆ.
ಭುಜ ತಾನಾಗಿ ಓರೆಯಾಯಿತು.

ಪುಟಕ್ಕೆ ಹತ್ತು, ನಲವತ್ತು ರೂಪಾಯಿ.
ಪೆನ್ನಿನದಕ್ಕೆ ಏನೂ ಹಾಕಲಿಲ್ಲ.