ಬಾಗಿಲ ಹಿಡಿಕೆಗೆ ಬರಿಗೈ

ಮೊದಲು ಉಗುರು ತೋರಿಸು, ರೋಹಿದಾಸ.
ಇಷ್ಟುದ್ದ ಬಿಟ್ಟರೆ ಗವಸು ಹರಿದೀತು.
ಕತ್ತರಿ ಡ್ರಾಯರಿನಲ್ಲಿದೆ, ಹೋಗು,
ನಾಚಿಕೆ ಆಮೇಲೆ.

ನೀಲಿಯದು ಹಾಕು. ಬಿಳಿಯದು ಹಳೇ ಸ್ಟಾಕು.
ಬಾಗಿಲು ತೆಗೆಯುವಾಗ ಒಂದನ್ನು ಕಳಚು:
ಬಾಗಿಲ ಹಿಡಿಕೆಗೆ ಬರಿಗೈ, ಫೋನಿಗೆ ಬರಿಗೈ,
ಫ್ರಿಜ್ಜಿಗೆ, ಸ್ವಿಚ್ಚಿಗೆ, ಬೆವರಿದ ಹಣೆಗೆ ಬರಿಗೈ.
ನಾನು ಸಣ್ಣವಳಿದ್ದಾಗ ಮೈಲಿಗೆಯ ಲೆಕ್ಕ ಬೇರೆಯಿತ್ತು.
ಬೈತಖೋಲದಿಂದ ಬುಟ್ಟಿ ಹೊತ್ತು ಬಂದ ಆಯಿಗೆ
ಅಂಗಡಿಯವ ಚಿಲ್ಲರೆಯನ್ನು ಮೇಲಿಂದ ಬಿಡುತ್ತಿದ್ದ,
ಕೈಗೆ ಕೈ ತಾಗದ ಹಾಗೆ.
ಇಲ್ಲಿ ಮೈಲಿಗೆ ಗವಸಿಗೆ, ಕೈಗಲ್ಲ.

ಇದೇ ಆ ಸೀಸೆ. ಒಳಗಿನದನ್ನು ನೋಡಿದರೆ
ಮುರುಗಲ ಪಾನಕ ಅನ್ನಬೇಕು.
ಡಿಎನ್‌ಎ ಅಂದರೆ ತಿರುಚಿದ ಏಣಿ, ಓದಿದ್ದೀಯ.
ಅಂಕೋಲೆ ಬಸ್ಸಿನಲ್ಲಿ ಮೂವರ ಸೀಟಿಗೆ
ನಾಲ್ಕನೆಯವ ‘ಸ್ವಲ್ಪ ಸರೀರಿ’ ಅಂತ ನುಸುಳುತ್ತಾನಲ್ಲ,
ಹಾಗೆ ಮೆಟ್ಟಿಲುಗಳ ನಡುವೆ ಕೂತುಬಿಡುತ್ತದೆ.
ಕೂತಲ್ಲಿ ಬೆಳಗುತ್ತದೆ, ಅದು ಅದರ ಉಪಕಾರ.
ಬಳಚಿನ ಏಣಿಯೋ ನಿನ್ನ ಏಣಿಯೋ
ಅದಕ್ಕೆ ಗೊತ್ತಾಗುವುದಿಲ್ಲ.

ಅಗರೋಸು ಕುದಿಯಿತೇ? ತಡಿ.
ಫ್ಲಾಸ್ಕು ಕೈಯಲ್ಲಿ ಹಿಡಿಯುವಷ್ಟು ಆರಲಿ.
ಹಬೆಯಾಡುವಾಗ ಹನಿಸಿದರೆ ಮೊದಲು ಕುಡಿಯುವುದು ಮೂಗು.
ಈ ಓವನ್ನಿನಲ್ಲಿ ಚಹಾ ಇಲ್ಲ,
ಡೈರೆಕ್ಟರು ಕೇಳಿದರೂ ಇಲ್ಲ.

ಚೆಲ್ಲಿದರೆ ಕೂಗು.
ಚೆಲ್ಲಿದವನನ್ನು ನಾನು ಬೈದವಳಲ್ಲ,
ಒರೆಸಿ ಸುಮ್ಮನಿದ್ದವನನ್ನು ಬಿಟ್ಟವಳೂ ಅಲ್ಲ.

ಸಿಂಕಿಗೆ ಮಾತ್ರ, ಒಂದು ಹನಿಯೂ.
ಕಿಟಕಿಗೆ ಬಾ. ಕಾಳಿ ಕಡಲಿಗೆ ಸೇರುವಲ್ಲಿ
ಈಗ ಇಳಿತ. ಸೊಂಟದ ನೀರಿನಲ್ಲಿ ನಿಂತು
ಕಾಲಿನಿಂದ ಕೆಸರು ತಡಕುವವರು ಕಾಣುತ್ತಾರಲ್ಲ,
ಅವರಲ್ಲಿ ಕೆಂಪು ಟವೆಲಿನವಳು ನನ್ನ ಆಯಿ.
ಎಪ್ಪತ್ತೊಂದಾಯಿತು, ಬೇಡವೆಂದರೆ ಕೇಳುವುದಿಲ್ಲ.
ನಾವು ಜೆಲ್ಲಿನಲ್ಲಿ ಓಡಿಸುವ ಬಳಚು ಅವಳೇ ಎತ್ತಿದ್ದು,
ಉಳಿದದ್ದು ಮನೆಯಲ್ಲಿ ಸುಕ್ಕೆ.
ಬಳಚು ಹಗಲೂ ರಾತ್ರಿ ನೀರು ಸೋಸುತ್ತದೆ,
ನಾವು ಕೈಬಿಟ್ಟದ್ದನ್ನು ಅದು ಇಟ್ಟುಕೊಳ್ಳುತ್ತದೆ.
ಅದಕ್ಕೇ ಆ ಮೂಲೆಯ ಕ್ಯಾನು, ಇದ್ದಿಲ ಚೀಲ,
ಮೇಲೆ ನನ್ನ ಅಕ್ಷರದಲ್ಲಿ ತಾರೀಕು.
ಒಯ್ಯುವ ಗಾಡಿ ತಿಂಗಳಿಗೊಮ್ಮೆ ಬರುತ್ತದೆ,
ಮಳೆಗಾಲದಲ್ಲಿ ಅದೂ ಇಲ್ಲ.
ತುಂಬಿದ ಕ್ಯಾನಿನ ಪಕ್ಕ ಕಾಯುವುದೂ
ಪಗಾರಕ್ಕೆ ಸೇರಿದ ಕೆಲಸ.

ಈಗ ದೀಪ ಆರಿಸು. ಮುಖಕವಚ ಎಳೆದುಕೋ,
ಈ ನೇರಳೆ ಬೆಳಕಿಗೆ ಕಣ್ಣು ಕೊಡಬಾರದು.
ಕಂಡಿತೇ?
ಎಲ್ಲರೂ ಕಿತ್ತಳೆ ಅನ್ನುತ್ತಾರೆ.
ನನಗೆ ಅಬ್ಬಲಿ.

ಹನ್ನೊಂದು ವರ್ಷದ ಹಿಂದಿನ ಮಾತು, ಒಂದು ಶನಿವಾರ
ಎಲ್ಲರೂ ಹೋದ ಮೇಲೆ ಕೈದೀಪ ಹಿಡಿದು
ಲ್ಯಾಬು ಪೂರಾ ತಡಕಿದೆ,
ಯಾರನ್ನಾದರೂ ಹಿಡಿಯುವ ಹುಮ್ಮಸ್ಸು.
ನಲ್ಲಿ ಸ್ವಚ್ಛ. ಹಿಡಿಕೆ ಸ್ವಚ್ಛ. ಸ್ವಿಚ್ಚು, ಕುರ್ಚಿ, ತಕ್ಕಡಿ.
ರಿಜಿಸ್ಟರಿನ ಅಂಚಿನಲ್ಲಿ ಹೊಳೆಯಿತು
ಅರ್ಧ ಹೆಬ್ಬೆರಳು.
ಆ ಪುಟದಲ್ಲಿದ್ದದ್ದು ಒಬ್ಬಳದೇ ಬರಹ.
ಪೆನ್ನು ಎಲ್ಲಿ ಅಂತ ಹುಡುಕಿದೆ.
ಮೇಜಿನ ಕೆಳಗೆ ಬಗ್ಗಿದಾಗ
ಕುತ್ತಿಗೆಗೆ ಚುಚ್ಚಿತು.
ತುರುಬಿನಲ್ಲಿತ್ತು,
ಬೆಳಿಗ್ಗೆ ಆಯಿ ಅಬ್ಬಲಿ ಮುಡಿಸಿದಲ್ಲಿ.

ಪೆನ್ನು ಚೀಲಕ್ಕೆ. ಹೂವೂ ಅದೇ ಚೀಲಕ್ಕೆ.
ಇಲ್ಲಿಯೇ ಮೂರು ಸಲ ತಲೆ ತೊಳೆದೆ.
ಆ ನೀರು ಸಿಂಕಿಗೇ ಹೋಯಿತು, ರೋಹಿದಾಸ,
ನೆನಪಾದದ್ದು ಮೂರನೆಯ ಸಲಕ್ಕೆ.
ಹೂವೆಲ್ಲಿ ಅಂದಳು ಆಯಿ.
ಗಾಳಿಗೆ ಬಿತ್ತು ಅಂದೆ.

ಬಾ, ಇಲ್ಲಿ ಸಹಿ ಹಾಕು.
ಪೆನ್ನಿಗೆ ದಾರ ಕಟ್ಟಿದವಳು ನಾನೇ.
ಎಳೆಯಬೇಡ, ತಲೆಯವರೆಗೆ ಬರುವುದಿಲ್ಲ,
ಅಳೆದೇ ಕತ್ತರಿಸಿದ್ದು.