ನೋರಾ, ರಾತ್ರಿ ಪಾಳಿ

ನಮ್ಮ ಹಿತ್ತಿಲ ನೀರಿನ ಡ್ರಮ್ಮಿಗೆ ಒಂದು ಮುಚ್ಚಳವಿದೆ.
ಡ್ರಮ್ಮು ಗುಂಡಗೆ, ಮುಚ್ಚಳ ಚೌಕ.
ನಾಲ್ಕು ಮೂಲೆ ಹೊರಗೆ ಚಾಚಿ
ಹಾದುಹೋಗುವವರ ಸೀರೆ ಹರಿಯುತ್ತದೆ.
ಎಸೆಯೋಣವೆಂದರೆ ಅಮ್ಮ ಬಿಡುವುದಿಲ್ಲ.

ಅದು ಲಾರಿಯ ತಗಡು.
ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ ಮುತ್ತಾತ ವೀರಭದ್ರಾಚಾರಿಯ ಮುಂದೆ,
ಯುದ್ಧ ಮುಗಿದ ಮರುವರ್ಷ,
ಮಂಡಿಯ ಖಾದರ್ ಷರೀಫರು ಹರಾಜಿನಲ್ಲಿ ಹಿಡಿದ ಮಿಲಿಟರಿ ಲಾರಿ ತಂದು
ಮುಳಬಾಗಿಲಿನ ಹೊಂಗೆಮರದ ಕೆಳಗೆ ನಿಲ್ಲಿಸಿ
‘ಆಚಾರಿ, ಇದಕ್ಕೆ ಮರದ ಮೈ ಕಟ್ಟು, ಹುಣಸೆಹಣ್ಣು ಹೇರಬೇಕು’ ಎಂದರಂತೆ.
ಮೊಂಡುಮೂಗಿನ ಲಾರಿ. ಮೇಲೆ ಹಸಿರು, ಅದರಡಿ ಮರಳಿನ ಬಣ್ಣ,
ಅದರಡಿ ಇನ್ನೊಂದು ಹಸಿರು.
ಯಾವ ಕಡಲು ದಾಟಿ ಬಂತೋ, ಯಾರನ್ನು ಹೊತ್ತಿತ್ತೋ,
ಹಿಂದಿನ ಹಲಗೆಯ ಕಪ್ಪು ಕಲೆ ಯಾತರದೋ,
ಷರೀಫರು ಕೇಳಲಿಲ್ಲ.
ಮುತ್ತಾತ ಬೂದಿ ಹಾಕಿ ಉಜ್ಜಿದ.

ಬೋಲ್ಟುಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಸೀಮೆಎಣ್ಣೆ ಹೊಯ್ದು ರಾತ್ರಿಯಿಡೀ ಬಿಟ್ಟರೂ,
ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಇಬ್ಬರು ಜೋತುಬಿದ್ದರೂ.
ಕಂದೀಲು ಹಿಡಿದು ನಿಂತ ಹನ್ನೊಂದು ವರ್ಷದ ತಾತ
ಆ ಎರಡು ದಿನದಲ್ಲಿ ಕಲಿತ ಬೈಗುಳ
ಅವನ ಜೀವಮಾನಕ್ಕೆ ಸಾಕಾಯಿತು.
‘ಇದನ್ನು ಬಿಗಿದವನ ರಟ್ಟೆಗೆ ಲಕ್ವ ಹೊಡೆಯ!’

ಮೂರನೆಯ ದಿನ ತಗಡು ಕಳಚಿತು.
ಒಳಮೈಯಲ್ಲಿ ಮೊಳೆಯಿಂದ ಗೀಚಿದ ಇಂಗ್ಲಿಷು.
ಮಿಷನ್ ಶಾಲೆಯ ಸಾಲೊಮನ್ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಓದಿದರು:
‘ನೋರಾ. ರಾತ್ರಿ ಪಾಳಿ. ಕೈ ಮರಗಟ್ಟಿದೆ.’
ಕೆಳಗೆ ಆಸ್ಟ್ರೇಲಿಯಾದ ಯಾವುದೋ ಊರು, ಅರ್ಧ ತುಕ್ಕು ತಿಂದಿತ್ತು.
‘ಹೆಂಗಸಿನ ಹೆಸರು ಕಣಯ್ಯ’ ಎಂದರು.
ಮುತ್ತಾತ ನಕ್ಕ. ಆಮೇಲೆ ಸ್ಪ್ಯಾನರು ಕೆಳಗಿಟ್ಟ.
ಬೈದದ್ದನ್ನು ವಾಪಸು ಪಡೆಯುವುದು ಹೇಗೆಂದು ತಿಳಿಯದೆ
ಆ ತಗಡೊಂದನ್ನು ಕತ್ತರಿಸದೆ ಪಕ್ಕಕ್ಕೆತ್ತಿಟ್ಟ.

ನೋರಾ,
ನಾನೂ ಪಾಳಿಯವಳೇ.
ಸಂಜೆಗತ್ತಲಲ್ಲಿ ಕಂಪನಿ ಬಸ್ಸು ಹತ್ತಿದರೆ
ಕೋಲಾರ ದಾಟಿ ನರಸಾಪುರ.
ನಲವತ್ತು ಸೆಕೆಂಡಿಗೊಂದು ಗಾಡಿ ಎದುರಿಗೆ ಬಂದು ನಿಲ್ಲುತ್ತದೆ.
ನಾಲ್ಕು ಬೋಲ್ಟು. ಗಾಳಿಯ ಗನ್ನು ಟರ್ರೆಂದು ತಾನೇ ಬಿಗಿದು
ಸಾಕಾದಾಗ ತಾನೇ ನಿಲ್ಲುತ್ತದೆ, ಹಸಿರು ದೀಪ ಹತ್ತುತ್ತದೆ.
ನನ್ನ ತೋಳಿನದೇನೂ ಅದರಲ್ಲಿಲ್ಲ.
ಆದರೂ ಬೆಳಗಿನ ಜಾವ ನಾಲ್ಕಕ್ಕೆ ಕೈ ಮರಗಟ್ಟುತ್ತದೆ.
ಮೊಳೆ ಒಯ್ಯುವಂತಿಲ್ಲ, ಗೇಟಿನಲ್ಲಿ ತಡವುತ್ತಾರೆ.
ನಮ್ಮಲ್ಲಿ ಯುದ್ಧವಿಲ್ಲ, ಟಾರ್ಗೆಟ್ಟಿದೆ.

ಕೇಳುವುದಿತ್ತು.
ಗಂಡಸರು ಊರಿಗೆ ಮರಳಿದ ಮೇಲೆ
ನಿನ್ನ ಕೈಯಿಂದ ಸ್ಪ್ಯಾನರು ಇಸಕೊಂಡರೇ?
ಎದುರು ಕೂರಿಸಿ ಏನಾದರೂ ಹೇಳಿದರೇ,
ಗೋಡೆಗೊಂದು ನೋಟೀಸು ಅಂಟಿಸಿ ಸುಮ್ಮನಾದರೇ?
ನಿನ್ನ ಲಾರಿ ಎಷ್ಟು ಜನರನ್ನು ಸಾಯಲು ಕರೆದೊಯ್ದಿತೆಂದು
ನಿದ್ದೆ ಬಾರದ ಯಾವ ರಾತ್ರಿಯಾದರೂ ಎಣಿಸಿದೆಯಾ?
ಅಥವಾ ಸಂಬಳ ಮಾತ್ರ ಎಣಿಸಿದೆಯಾ, ನನ್ನ ಹಾಗೆ?
ನನ್ನದು ಹನ್ನೊಂದು ತಿಂಗಳ ಕರಾರು.
ಬರುವ ಶುಕ್ರವಾರ ಮುಗಿಯುತ್ತದೆ.

ಈ ಬೆಳಿಗ್ಗೆ ಬಸ್ಸಿಳಿದವಳು ನೇರ ಹಿತ್ತಿಲಿಗೆ ಹೋದೆ.
ಮುಚ್ಚಳ ಮಗುಚಿ, ಹುಣಸೆಹುಳಿ ಹಚ್ಚಿ ತಿಕ್ಕಿದೆ.
ನಿನ್ನ ಹೆಸರಿನ ಮೊದಲಕ್ಷರ ಉಳಿದಿದೆ.
ರಾತ್ರಿ ಅಳಿಸಿಹೋಗಿದೆ, ಕೈ ಇದೆ.
ಒಂದು ಮೂಲೆಯಲ್ಲಿ ಬೋಲ್ಟಿನ ಮೋಟು,
ಮುತ್ತಾತ ಬಿಚ್ಚಲಾರದೆ ತಲೆ ಕೊಯ್ದು ಬಿಟ್ಟದ್ದು.
ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದೆ.

ಊಹೂಂ.